ದುಡಿಯುವ ಟೊಂಕಕ್ಕೆ ಯಾವ ಸಾಮು?

“ಹೊಲದಾಗ ದಿನಾ ಮೈಮುರಿದು ದುಡೀತೇವ್ರಿ. ಮತ್ತ ಬ್ಯಾರೆ ವ್ಯಾಯಾಮ ಯಾಕ ಬೇಕ್ರಿ?”

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಟೊಂಕನೋವಿಗೆ ವ್ಯಾಯಾಮ ಮಾಡಿ ಎಂದವರಿಗೆ ಈ ಮಾತು ಎದುರಾಗದೆ ಇರುವುದು ಕಷ್ಟ. ಕೇಳುವವರದು ಉಡಾಫೆಯಲ್ಲ. ಬೆಳಗಿನಿಂದ ಕುರ್ಚಿಯಲ್ಲೇ ಕುಳಿತ ಬೆಂಗಳೂರಿನ ಸಾಫ್ಟ್‌ವೇರ್ ನೌಕರನಿಗೆ “ಎದ್ದು ಓಡಾಡಿ” ಎಂದರೆ ಅರ್ಥವಿದೆ. ದಿನವಿಡೀ ಬಗ್ಗಿ ಎದ್ದು ಬಂದ ರೈತನಿಗೂ ಅದೇ ಚೀಟಿ ಬರೆದುಕೊಟ್ಟರೆ ಆತ ನಗದೆ ಇನ್ನೇನು ಮಾಡಿಯಾನು?

ಹಾಗಿದ್ದರೂ ಟೊಂಕನೋವಿನ ಮಟ್ಟಿಗೆ ಕೂತವನಿಗೂ ದುಡಿದವನಿಗೂ ವ್ಯಾಯಾಮವೇ ಬೇಕು ಎಂದು ವಿಜ್ಞಾನ ಹೇಳುತ್ತದೆ. ಅದು ಯಾಕೆ, ಯಾವ ವ್ಯಾಯಾಮ, ಎಷ್ಟು ಎನ್ನುವುದನ್ನು ಈ ಸೀಮೆಯ ದುಡಿಮೆಯನ್ನು ಕಣ್ಣಮುಂದೆ ಇಟ್ಟುಕೊಂಡೇ ನೋಡಬೇಕು.

ಇದು ಘಟಪ್ರಭೆಯ ನೀರು ಕುಡಿದು ಬೆಳೆದ ನಾಡು. 1897ರ ಹೊತ್ತಿಗೆ ಧೂಪದಾಳದ ಒಡ್ಡು ನಿಂತಿತು. 1970ರ ದಶಕದಲ್ಲಿ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ರಾಜಾ ಲಖಮಗೌಡ ಜಲಾಶಯ ಪೂರ್ತಿಯಾಯಿತು. ಕಾಲುವೆ ಹರಿದಲ್ಲೆಲ್ಲ ಕಬ್ಬು ಬಂತು, ಕಬ್ಬು ಬಂದಲ್ಲಿ ಸಂಕೇಶ್ವರದ ಹಿರಣ್ಯಕೇಶಿಯಂಥ ಸಕ್ಕರೆ ಕಾರ್ಖಾನೆಗಳು ಎದ್ದವು. ದೀಪಾವಳಿಯ ಆಸುಪಾಸಿನಲ್ಲಿ ನುರಿಸುವ ಹಂಗಾಮು ಶುರುವಾಯಿತೆಂದರೆ ಕಡಿಯುವ ಗ್ಯಾಂಗುಗಳು, ಎತ್ತಿನ ಗಾಡಿಗಳು, ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ರಸ್ತೆ ತುಂಬುತ್ತವೆ.

ಕಬ್ಬಿನಲ್ಲಿ ಸಕ್ಕರೆ ಅಂಶ ಹೆಚ್ಚಿರುವುದು ಬುಡದ ಗಣ್ಣುಗಳಲ್ಲಿ. ಕೂಳೆ ಚೆನ್ನಾಗಿ ಒಡೆಯಬೇಕೆಂದರೂ ನೆಲಮಟ್ಟಕ್ಕೇ ಕಡಿಯಬೇಕು. ಎರಡು ಗೇಣು ಮೇಲೆ ಕಡಿದರೆ ರೈತನಿಗೂ ನಷ್ಟ, ಕಾರ್ಖಾನೆಗೂ ನಷ್ಟ. ಹೀಗಾಗಿ ಕಡಿಯುವವರು ಇಡೀ ದಿನ ಟೊಂಕ ಮಡಚಿಯೇ ನಿಂತಿರುತ್ತಾರೆ. ಕಡಿದದ್ದನ್ನು ಸೋಸಿ, ಹೊರೆ ಕಟ್ಟಿ, ತಲೆಯ ಮೇಲಿಟ್ಟು ಹಲಗೆ ಹತ್ತಿ ಟ್ರೇಲರಿಗೆ ಒಟ್ಟುವುದು ಅದರ ನಂತರದ ಕೆಲಸ. ಆ ಟ್ರ್ಯಾಕ್ಟರ್ ಓಡಿಸುವವನ ಬೆನ್ನಿಗೆ ಗಂಟೆಗಟ್ಟಲೆ ಕುಲುಕಾಟ. ಇಡೀ ಮೈಗೆ ತಟ್ಟುವ ಇಂಥ ಕಂಪನಕ್ಕೂ ಟೊಂಕನೋವಿಗೂ ಇರುವ ನಂಟನ್ನು ಸಂಶೋಧಕರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಇನ್ನು ಗೊಬ್ಬರ. ಯೂರಿಯಾ ಚೀಲದ ತೂಕ 45 ಕಿಲೊ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ‘ನಿಯೋಶ್’, ಎಲ್ಲ ಅನುಕೂಲಗಳಿರುವ ಜಾಗದಲ್ಲೂ ಒಬ್ಬ ಕೆಲಸಗಾರ ಕೈಯಿಂದ ಎತ್ತಲು ಹಾಕಿರುವ ಮಿತಿ 23 ಕಿಲೊ. ನಮ್ಮಲ್ಲಿ ಅದರ ಹೆಚ್ಚುಕಡಿಮೆ ಎರಡರಷ್ಟನ್ನು ಒಬ್ಬನೇ ಹೆಗಲಿಗೇರಿಸಿ ಬದುವಿನ ಮೇಲೆ ನಡೆಯುತ್ತಾನೆ.

ಗೋಕಾಕ ಫಾಲ್ಸಿನ ದುಡಿಮೆಯ ಬಗೆ ಬೇರೆ. 1885ರಲ್ಲಿ ಕಂಪನಿಯಾಗಿ ಹುಟ್ಟಿ, ಜಲಪಾತದ ಬಲದಿಂದಲೇ ಯಂತ್ರ ತಿರುಗಿಸಿದ ಅಲ್ಲಿನ ನೂಲಿನ ಗಿರಣಿಯಲ್ಲಿ ಪಾಳಿ ಮುಗಿಯುವವರೆಗೂ ನಿಂತೇ ಇರಬೇಕು. ಮನೆಯೊಳಗೂ ಬಿಡುವಿಲ್ಲ. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ರೊಟ್ಟಿ ಬಡಿಯುವ, ಕೊಡ ಹೊರುವ, ಕಳೆ ತೆಗೆಯುವ, ಎಮ್ಮೆಗೆ ಮೇವಿನ ಹೊರೆ ತರುವ ಹೆಂಗಸಿನ ಟೊಂಕದ ಲೆಕ್ಕವನ್ನು ಯಾವ ಹಾಜರಿ ಪುಸ್ತಕವೂ ಇಡುವುದಿಲ್ಲ.

ಇಷ್ಟು ದುಡಿದ ಮೈ ಗಟ್ಟಿಯಾಗಬೇಕಿತ್ತಲ್ಲ? ಡೆನ್ಮಾರ್ಕಿನ ಆಂಡ್ರಿಯಾಸ್ ಹೋಲ್ಟರ್‌ಮನ್ ಮತ್ತವರ ಸಂಗಡಿಗರು ವರ್ಷಗಳಿಂದ ಬೆನ್ನು ಹತ್ತಿರುವ ಒಗಟು ಇದು. ಬಿಡುವಿನಲ್ಲಿ ಮಾಡುವ ವ್ಯಾಯಾಮ ಆರೋಗ್ಯ ಹೆಚ್ಚಿಸುತ್ತದೆ, ಕೆಲಸದ ಜಾಗದ ಭಾರೀ ದೈಹಿಕ ಶ್ರಮ ಹಾಗೆ ಹೆಚ್ಚಿಸುವುದಿಲ್ಲ, ಹಲವು ಬಾರಿ ಕೆಡಿಸುತ್ತದೆ ಎಂಬುದು ಅವರು ಮುಂದಿಟ್ಟ ವಾದ. ಕಾರಣ ಊಹಿಸಲು ಕಷ್ಟವಿಲ್ಲ. ವ್ಯಾಯಾಮದಲ್ಲಿ ಭಾರ ಎಷ್ಟು, ಸಲ ಎಷ್ಟು, ನಿಲ್ಲಿಸುವುದು ಯಾವಾಗ ಎಂಬುದೆಲ್ಲ ಮಾಡುವವನ ಕೈಯಲ್ಲಿರುತ್ತದೆ. ಒಂದು ದಿನ ದಣಿದರೆ ಮರುದಿನ ಬಿಡುವು. ಕಬ್ಬಿನ ಗದ್ದೆಯಲ್ಲಿ ಅದನ್ನು ತೀರ್ಮಾನಿಸುವುದು ಟ್ರೇಲರು. ಅದು ತುಂಬುವವರೆಗೆ ಕೆಲಸ ಮುಗಿಯದು. ಅದೇ ಬಗ್ಗು, ಅದೇ ಕೈ, ಅದೇ ಸ್ನಾಯು. ಬೆನ್ನು ಹಿಂದಕ್ಕೆ ಬಾಗುವ ಸಂದರ್ಭವೇ ಇಲ್ಲ, ಹಿಂದಿನ ದಿನದ ದಣಿವು ಆರುವ ಮೊದಲೇ ಮತ್ತೆ ಕೊಡಲಿ. ದುಡಿಮೆ ಬೆನ್ನಿನ ಶಕ್ತಿಯನ್ನು ಖರ್ಚು ಮಾಡಿಸುತ್ತದೆ, ವ್ಯಾಯಾಮ ಅದನ್ನು ಕೂಡಿಡುತ್ತದೆ.

ಟೊಂಕನೋವು ಈ ಸೀಮೆಯ ಸೊತ್ತೇನಲ್ಲ. 2020ರಲ್ಲಿ ಜಗತ್ತಿನ 61.9 ಕೋಟಿ ಜನಕ್ಕೆ ಅದಿತ್ತು, 2050ರ ಹೊತ್ತಿಗೆ 84.3 ಕೋಟಿಗೆ ಏರಬಹುದು ಎಂಬುದು ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದ ಅಂದಾಜು. ಮೂರು ತಿಂಗಳು ದಾಟಿದರೆ ಅದನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ಇದರಲ್ಲಿ ಬಹುಪಾಲು ಪ್ರಕರಣಗಳಲ್ಲಿ ‘ಇಂಥದ್ದೇ ಕಾರಣ’ ಎಂದು ಬೊಟ್ಟು ಮಾಡಿ ತೋರಿಸುವಂಥ ರೋಗವೇನೂ ಇರುವುದಿಲ್ಲ.

ಇಲ್ಲೇ ದೊಡ್ಡ ಎಡವಟ್ಟಾಗುವುದು. ಬೆಳಗಾವಿಗೋ ಮೀರಜಿಗೋ ಹೋಗಿ ಎಂಆರ್‌ಐ ಮಾಡಿಸಿಕೊಂಡು ಬಂದವರು “ಎಲ್-4, ಎಲ್-5ರಾಗ ಗ್ಯಾಪ್ ಬಂದೈತಂತ” ಎನ್ನುತ್ತ ಹಾಸಿಗೆ ಹಿಡಿಯುತ್ತಾರೆ. 2015ರಲ್ಲಿ ಬ್ರಿಂಜಿಕ್ಜಿ ಎಂಬ ವೈದ್ಯರ ತಂಡ ನೋವೇ ಇಲ್ಲದವರ ಸ್ಕ್ಯಾನುಗಳ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿತು. ಇಪ್ಪತ್ತರ ಹರೆಯದವರಲ್ಲೇ 37 ಪ್ರತಿಶತ ಮಂದಿಗೆ ಡಿಸ್ಕ್ ಸವೆತ ಕಂಡಿತು, ಎಂಬತ್ತರವರಲ್ಲಿ 96 ಪ್ರತಿಶತ. ಅಂದರೆ ತಲೆಗೂದಲು ನೆರೆತಂತೆ ಡಿಸ್ಕೂ ಸವೆಯುತ್ತದೆ. ಅದೊಂದರಿಂದಲೇ ನೋವು ಬಂತೆಂದು ಹೇಳಲಾಗದು. ಆದರೆ ‘ಗ್ಯಾಪ್’ ಎಂಬ ಮಾತು ಕಿವಿಗೆ ಬಿದ್ದವನು ಮಣಕಾ ಎಲ್ಲಿ ಇನ್ನಷ್ಟು ಸರಿಯುತ್ತದೋ ಎಂದು ಬಗ್ಗುವುದನ್ನೇ ಬಿಡುತ್ತಾನೆ. ಬಿಟ್ಟ ಸ್ನಾಯು ಸೊರಗುತ್ತದೆ. ಸೊರಗಿದ ಬೆನ್ನು ಸಣ್ಣ ಕೆಲಸಕ್ಕೂ ನೋಯುತ್ತದೆ, ಅಂಜಿಕೆ ಇನ್ನೂ ಬಲಿಯುತ್ತದೆ.

ಮಲಗಿದರೆ ವಾಸಿ ಎಂಬ ನಂಬಿಕೆಯಂತೂ ಆಳವಾಗಿದೆ. 1995ರಲ್ಲಿ ಹೆಲ್ಸಿಂಕಿಯ ನಗರ ನೌಕರರ ಮೇಲೆ ನಡೆದ ಒಂದು ಪ್ರಯೋಗ ಅದರ ಬುಡ ಅಲುಗಿಸಿತು. ಹೊಸದಾಗಿ ಬೆನ್ನು ಹಿಡಿದುಕೊಂಡ 186 ಮಂದಿಯಲ್ಲಿ ಕೆಲವರಿಗೆ ಎರಡು ದಿನ ಹಾಸಿಗೆ, ಕೆಲವರಿಗೆ ಬೆನ್ನಿನ ವ್ಯಾಯಾಮ, ಉಳಿದವರಿಗೆ ನೋವು ಬಿಟ್ಟಷ್ಟು ಎಂದಿನ ಓಡಾಟ. ಬೇಗ ಚೇತರಿಸಿಕೊಂಡವರು ಓಡಾಡಿಕೊಂಡಿದ್ದವರು, ಹಿಂದೆ ಬಿದ್ದವರು ಮಲಗಿದವರು. ವ್ಯಾಯಾಮ ಮಾಡಿದವರೂ ಓಡಾಡಿದವರಷ್ಟು ಬೇಗ ಸುಧಾರಿಸಲಿಲ್ಲ ಎಂಬುದನ್ನು ಗಮನಿಸಬೇಕು. ಚಳಕು ಹಿಡಿದ ಮೊದಲ ದಿನಗಳಿಗೆ ಹಗುರ ಓಡಾಟವೇ ಸಾಕು. ವ್ಯಾಯಾಮದ ಮಾತು ಬರುವುದು ನೋವು ತಿಂಗಳುಗಟ್ಟಲೆ ಬೇರೂರಿದಾಗ.

ಆಗ ಅದು ಎಷ್ಟು ಕೆಲಸ ಮಾಡುತ್ತದೆ? 2021ರ ಕಾಕ್ರೇನ್ ಪರಾಮರ್ಶೆ 249 ಪ್ರಯೋಗಗಳನ್ನು, 24 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಟ್ಟಿಗೆ ತೂಗಿತು. ಏನೂ ಮಾಡದೆ ಇದ್ದವರಿಗಿಂತ ವ್ಯಾಯಾಮ ಮಾಡಿದವರ ನೋವು ನೂರರ ಅಳತೆಯಲ್ಲಿ ಸರಾಸರಿ 15 ಅಂಕ ಕಡಿಮೆಯಿತ್ತು. ಪವಾಡವಲ್ಲ, ಆದರೆ ರಾತ್ರಿ ನಿದ್ದೆ ಬರುವುದಕ್ಕೂ ಬಾರದಿರುವುದಕ್ಕೂ ಇರುವ ಅಂತರ ಅಷ್ಟರಲ್ಲೇ ಇರಬಹುದು. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿ ವ್ಯಾಯಾಮಕ್ಕೆ ಒಪ್ಪಿಗೆ ಕೊಟ್ಟಿತು. ನಮ್ಮ ಔಷಧಿ ಅಂಗಡಿಗಳಲ್ಲಿ ಹೆಚ್ಚು ಬಿಕರಿಯಾಗುವ ಟೊಂಕದ ಪಟ್ಟಿ, ಆಸ್ಪತ್ರೆಗಳಲ್ಲಿ ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್, ಕರೆಂಟು ಕೊಡುವ ಟೆನ್ಸ್ ಯಂತ್ರ ಇವನ್ನು ವಾಡಿಕೆಯಂತೆ ಬಳಸಬೇಡಿ ಎಂದಿತು. ವ್ಯಾಯಾಮಗಳಲ್ಲಿ ಇಂಥದ್ದೇ ಮೇಲು ಎಂದು ಮಾತ್ರ ಪಟ್ಟ ಕಟ್ಟಲಿಲ್ಲ.

ಪಟ್ಟ ಕಟ್ಟಲು ಹೋದವರ ಫಜೀತಿಯನ್ನು ನೋಡಿ. 2020ರಲ್ಲಿ ಓವೆನ್ ಮತ್ತು ಸಂಗಡಿಗರು 89 ಅಧ್ಯಯನಗಳನ್ನು ಜಾಲರಿಯಂತೆ ಹೆಣೆದು ಹೋಲಿಸಿದರು. ನೋವಿಗೆ ಪಿಲಾಟೀಸ್ ಮೊದಲು, ಓಡಾಟ-ಕೆಲಸದ ಸಾಮರ್ಥ್ಯಕ್ಕೆ ಭಾರ ಎತ್ತುವ ಮತ್ತು ಬೆನ್ನು ಸ್ಥಿರಗೊಳಿಸುವ ವ್ಯಾಯಾಮಗಳು ಮೇಲು, ಮನಸ್ಸಿನ ಆರೋಗ್ಯಕ್ಕೆ ಭಾರ ಎತ್ತುವುದು ಹಾಗೂ ಉಸಿರೇರಿಸುವ ನಡಿಗೆಯಂಥವು ಒಳ್ಳೆಯವು ಎಂದರು. ಮೆಕೆಂಜಿ ಪದ್ಧತಿ ಮತ್ತು ಬರೀ ಮೈ ಎಳೆಯುವ ಸ್ಟ್ರೆಚಿಂಗ್ ತೀರ ಹಿಂದೆ ಬಿದ್ದವು. ಮರುವರ್ಷವೇ ಹೇಡನ್ ಅವರ ತಂಡ 217 ಪ್ರಯೋಗಗಳನ್ನು ಇದೇ ರೀತಿ ಹೋಲಿಸಿತು. ಅದರಲ್ಲಿ ಪಿಲಾಟೀಸ್ ಜೊತೆಗೆ ಮೆಕೆಂಜಿಯೂ ಮುಂದಿನ ಸಾಲಿಗೆ ಬಂತು! ಒಂದು ಕಡೆ ಸೋತ ಪೈಲ್ವಾನ ಇನ್ನೊಂದು ಕಡೆ ಗೆದ್ದನೆಂದರೆ ಇಬ್ಬರ ಬಲದಲ್ಲಿ ಅಂಥ ಅಂತರವಿಲ್ಲ ಎಂದೇ ತಿಳಿಯಬೇಕು.

ಮೆಕೆಂಜಿಯ ಹುಟ್ಟಿನ ಕತೆ ಸ್ವಾರಸ್ಯದ್ದು. 1956ರಲ್ಲಿ ನ್ಯೂಜಿಲೆಂಡಿನ ವೆಲ್ಲಿಂಗ್ಟನ್ನಿನಲ್ಲಿ ರಾಬಿನ್ ಮೆಕೆಂಜಿ ಎಂಬ ಫಿಜಿಯೋಥೆರಪಿಸ್ಟರ ಬಳಿ ಬಂದ ರೋಗಿಯೊಬ್ಬ, ತಲೆಭಾಗ ಎತ್ತರಿಸಿದ್ದ ಮೇಜಿನ ಮೇಲೆ ಅದನ್ನು ಗಮನಿಸದೆ ಬೋರಲು ಮಲಗಿಬಿಟ್ಟ. ಬೆನ್ನು ಹಿಂದಕ್ಕೆ ಬಾಗಿತ್ತು. ಮೆಕೆಂಜಿ ಗಾಬರಿಯಾದರೆ, ಆತ ಕಾಲಿನ ನೋವು ಹೋಯಿತು ಎಂದ. ಬೋರಲು ಮಲಗಿ, ಟೊಂಕ ನೆಲದಲ್ಲೇ ಬಿಟ್ಟು ಕೈಯೂರಿ ಎದೆ ಎತ್ತುವ ವ್ಯಾಯಾಮ ಇದರಿಂದ ಜನಪ್ರಿಯವಾಯಿತು. ನಮ್ಮವರು ಅದನ್ನು ನೋಡಿದರೆ ಭುಜಂಗಾಸನ ಎಂದೇ ಗುರುತಿಸುತ್ತಾರೆ. ದಿನವೆಲ್ಲ ಮುಂದಕ್ಕೆ ಬಗ್ಗುವ ಕಬ್ಬಿನ ಕೆಲಸದವರಲ್ಲಿ ಹಲವರಿಗೆ ಇದು ಹಾಯೆನಿಸುತ್ತದೆ. ನೋವು ಕಾಲಿನಿಂದ ಮೇಲಕ್ಕೆ ಸರಿದು ಬೆನ್ನಿನ ನಡುವಿಗೆ ಬಂದರೆ ಮುಂದುವರಿಸಬಹುದು, ಕಾಲಿಗೆ ಇಳಿಯತೊಡಗಿದರೆ ನಿಲ್ಲಿಸಬೇಕು ಎಂಬುದು ಆ ಪದ್ಧತಿಯ ತಿರುಳು.

ಪಿಲಾಟೀಸ್ ಹೆಸರು ಇಲ್ಲಿನ ಕಿವಿಗೆ ಹೊಸದು. ಜರ್ಮನಿಯ ಜೋಸೆಫ್ ಪಿಲಾಟೀಸ್ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಸೆರೆಯಲ್ಲಿದ್ದಾಗ ಕುದುರಿಸಿದ ಪದ್ಧತಿ ಅದು. ಉಸಿರಿನ ಲಯದೊಂದಿಗೆ ಹೊಟ್ಟೆ-ಬೆನ್ನಿನ ಸ್ನಾಯುಗಳನ್ನು ಹಿಡಿತದಲ್ಲಿಟ್ಟುಕೊಂಡು ನಿಧಾನವಾಗಿ ಮಾಡುವ ಚಲನೆಗಳು. ಕಲಿಸುವವರು ಬೇಕು, ಗೋಕಾಕದಲ್ಲಿ ಅವರನ್ನು ಹುಡುಕುತ್ತ ಕೂರುವುದು ವ್ಯರ್ಥ. ಇದರ ಸೋದರಸಂಬಂಧಿಯಾದ ‘ಕೋರ್’ ವ್ಯಾಯಾಮದ ಗೀಳು 1990ರ ದಶಕದ ಕೊನೆಯಿಂದ ಜಗತ್ತಿಗೆಲ್ಲ ಹಬ್ಬಿತು. 2016ರ ಕಾಕ್ರೇನ್ ಪರಾಮರ್ಶೆ ಅದು ಬೇರೆ ವ್ಯಾಯಾಮಗಳಿಗಿಂತ ಎದ್ದುಕಾಣುವಷ್ಟು ಮೇಲಲ್ಲ ಎಂದಿತು.

ಯೋಗಕ್ಕೆ ಕರ್ನಾಟಕದ್ದೇ ಪುರಾವೆಯಿದೆ. ಬೆಂಗಳೂರಿನ ಹತ್ತಿರ ಜಿಗಣಿಯ ಎಸ್-ವ್ಯಾಸ ಸಂಸ್ಥೆಯಲ್ಲಿ 80 ರೋಗಿಗಳನ್ನು ಎರಡು ಗುಂಪು ಮಾಡಿ, ಏಳು ದಿನ ಅಲ್ಲೇ ಇರಿಸಿಕೊಂಡು, ಒಂದಕ್ಕೆ ಯೋಗ, ಇನ್ನೊಂದಕ್ಕೆ ಸಾಮಾನ್ಯ ವ್ಯಾಯಾಮ ಮಾಡಿಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಯೋಗದ ಗುಂಪು ಮುಂದಿತ್ತು. ಆದರೆ ಎರಡು ಹೊತ್ತು ಎಮ್ಮೆ ಹಿಂಡಬೇಕಾದವರು ವಾರವಿಡೀ ಜಿಗಣಿಯಲ್ಲಿ ಇರಲಾದೀತೆ? ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರ ಪದ್ಧತಿಯನ್ನು ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ 90 ರೋಗಿಗಳ ಮೇಲೆ 24 ವಾರ ಪರೀಕ್ಷಿಸಿದರು, 2009ರಲ್ಲಿ ಬಂದ ಫಲಿತಾಂಶ ಆಶಾದಾಯಕವಾಗಿತ್ತು. ಎಲ್ಲವನ್ನೂ ಕೂಡಿಸಿ ನೋಡಿದ 2022ರ ಕಾಕ್ರೇನ್ ಪರಾಮರ್ಶೆಯ ಉತ್ತರ ಮಾತ್ರ ತಣ್ಣಗಿದೆ: ಯೋಗಕ್ಕೂ ಬೆನ್ನಿನ ಬೇರೆ ವ್ಯಾಯಾಮಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ.

ಈ ಸೀಮೆಗೆ ವ್ಯಾಯಾಮವನ್ನು ಹೊರಗಿನಿಂದ ತರಬೇಕಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1923ರ ಕಾಕಿನಾಡ ಕಾಂಗ್ರೆಸ್ ಅಧಿವೇಶನದಲ್ಲಿ ಸೇವಾದಳಕ್ಕೆ ನಾಂದಿ ಹಾಡಿ, ತರುಣರಿಗೆ ಕವಾಯತಿನ ಶಿಸ್ತು ಕಲಿಸಿದ ಡಾ. ನಾ.ಸು. ಹರ್ಡೀಕರ್ ತಮ್ಮ ಬಾಳಿನ ಕೊನೆಯ ಕಾಲವನ್ನು ಕಳೆದದ್ದು ಘಟಪ್ರಭಾದಲ್ಲಿ, ಅಲ್ಲಿನ ಆರೋಗ್ಯಧಾಮದ ನಂಟಿನಲ್ಲಿ. ನೆರೆಯ ಮರಾಠಿ ಸೀಮೆಯ ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿ ಸೂರ್ಯನಮಸ್ಕಾರವನ್ನು ಶಾಲೆಗಳಿಗೆ ಒಯ್ದರು. ಇವಕ್ಕೆಲ್ಲ ಮೊದಲೇ ಹಳ್ಳಿಗಳಲ್ಲಿ ಗರಡಿಮನೆ ಇತ್ತು: ಕೆಮ್ಮಣ್ಣಿನ ಅಖಾಡ, ದಂಡ, ಬೈಠಕ್, ಜಾತ್ರೆಯಲ್ಲಿ ಗುಂಡುಕಲ್ಲು ಎತ್ತುವ ಪಣ.

ದಂಡ ಎಂದರೆ ಏನು? ಟೊಂಕ ಮೇಲೆತ್ತಿ ಮುಂದೆ ಜಾರಿ, ಎದೆ ಎತ್ತಿ ಬೆನ್ನು ಹಿಂದಕ್ಕೆ ಬಾಗಿಸುವುದು. ಬೈಠಕ್ಕಿನಲ್ಲಿ ತೊಡೆ ಮತ್ತು ಪೃಷ್ಠದ ಸ್ನಾಯುಗಳಿಗೆ ಕೆಲಸ. ಈಗ ಜಿಮ್ಮಿನವರು ಸ್ಕ್ವಾಟ್ ಎಂದು ಹಣ ತೆಗೆದುಕೊಂಡು ಹೇಳಿಕೊಡುವುದು ಅದನ್ನೇ. ಹಾಗೆಂದು ನೋವಿದ್ದವನು ಪೈಲ್ವಾನನ ಲೆಕ್ಕದಲ್ಲಿ ಸಾಮು ತೆಗೆಯಲು ಹೊರಡಬಾರದು. ಸ್ವೀಡನ್ನಿನಲ್ಲಿ 70 ಮಂದಿ ಟೊಂಕನೋವಿನವರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದಕ್ಕೆ ಸರಿಯಾಗಿ ಹೊಂದುತ್ತದೆ. ಅರ್ಧ ಮಂದಿಗೆ ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್, ಉಳಿದವರಿಗೆ ಹಗುರವಾದ, ಚಲನೆ ತಿದ್ದುವ ವ್ಯಾಯಾಮ. ಎರಡೂ ಗುಂಪುಗಳ ನೋವು ಇಳಿಯಿತು. ಭಾರ ಎತ್ತುವುದರಿಂದ ಹೆಚ್ಚು ಲಾಭ ಪಡೆದವರು ಮಾತ್ರ ಮೊದಲೇ ನೋವು ಕಡಿಮೆಯಿದ್ದವರು, ಬೆನ್ನಿನ ತಾಳಿಕೆ ಚೆನ್ನಾಗಿದ್ದವರು. ನೋವು ಜೋರಾಗಿದ್ದವರು ಹಗುರದಿಂದಲೇ ಶುರುಮಾಡುವುದು ಕ್ಷೇಮ. ಗೋಡೆಗೆ ಕೈಯೂರಿ ದಂಡ, ಕಟ್ಟೆಯ ಮೇಲೆ ಕೂತು ಏಳುವ ಬೈಠಕ್. ವಾರಕ್ಕಿಷ್ಟು ಎಂದು ಏರಿಸುತ್ತ ಹೋದರೆ ಒಂದು ದಿನ ಚೀಲ ಎತ್ತುವುದೂ ಹಗುರವಾಗುತ್ತದೆ. ವ್ಯಾಯಾಮದ ಹೊತ್ತಿಗೆ ನೋವು ತುಸು ಏರಿ ಮರುದಿನಕ್ಕೆ ಇಳಿದರೆ ಅಂಜಬೇಕಿಲ್ಲ. ಇಳಿಯದಿದ್ದರೆ ಒಂದು ಮೆಟ್ಟಿಲು ಕೆಳಗೆ ಬರಬೇಕು.

ಟೊಂಕಕ್ಕೆ ಬಲ ಎಂದು ಬಾಣಂತಿಗೆ ಅಂಟಿನುಂಡೆ, ಕರದಂಟು ತಿನ್ನಿಸುವ ಊರಿದು. ತಿನ್ನಲಿ, ಗೋಕಾಕದ ಕರದಂಟಿಗೆ ಬೇಡ ಎನ್ನುವವರು ಯಾರು! ಸ್ನಾಯುವಿನ ಕೆಲಸವನ್ನು ಅದರ ಮೇಲೆ ಹೊರಿಸದಿದ್ದರೆ ಸಾಕು.

ಕೆಲವು ಟೊಂಕನೋವುಗಳಿಗೆ ವ್ಯಾಯಾಮ ಮದ್ದಲ್ಲ. ಮೂತ್ರ-ಮಲದ ಹಿಡಿತ ತಪ್ಪಿದರೆ, ತೊಡೆಯ ಸಂದಿ ಜೋಮು ಹಿಡಿದರೆ, ಕಾಲಿನ ಶಕ್ತಿ ಕುಂದುತ್ತ ಹೋದರೆ ಅದೇ ದಿನ ಆಸ್ಪತ್ರೆಗೆ ಓಡಬೇಕು. ಜ್ವರ, ತೂಕ ಇಳಿಕೆ, ರಾತ್ರಿ ಎಬ್ಬಿಸುವ ನೋವು ಇದ್ದರೆ ಬೆನ್ನುಮೂಳೆಯ ಕ್ಷಯ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ನಮ್ಮ ದೇಶದಲ್ಲಿ ಅದು ಅಪರೂಪವಲ್ಲ. ಕ್ಯಾನ್ಸರ್ ಆಗಿದ್ದವರು, ಬಿದ್ದ ವೃದ್ಧರು ತಡಮಾಡಬಾರದು. ಬೆಳಿಗ್ಗೆ ಅರ್ಧ ತಾಸು ಮೀರಿ ಬೆನ್ನು ಮರಗಟ್ಟಿ, ಓಡಾಡಿದಂತೆ ಸಡಿಲಾಗುವ ನೋವು ತರುಣರಲ್ಲಿ ಕಂಡರೆ ಅದು ಉರಿಯೂತದ ಸಂಧಿವಾತವಿರಬಹುದು.

ಎಲ್ಲ ಪದ್ಧತಿಗಳಲ್ಲಿ ಖರ್ಚಿಲ್ಲದ್ದು ನಡಿಗೆ. ಅದರ ಬಗ್ಗೆ ಈಚೆಗೆ ಗಟ್ಟಿ ಪುರಾವೆ ಬಂದಿದೆ. ಆಸ್ಟ್ರೇಲಿಯಾದ ಮ್ಯಾಕ್ವಾರಿ ವಿಶ್ವವಿದ್ಯಾಲಯದ ‘ವಾಕ್‌ಬ್ಯಾಕ್’ ಪ್ರಯೋಗ 2024ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಟೊಂಕನೋವಿನಿಂದ ಆಗಷ್ಟೇ ಚೇತರಿಸಿಕೊಂಡಿದ್ದ 701 ಜನ ಅದರಲ್ಲಿದ್ದರು. ಒಂದು ಗುಂಪಿಗೆ ಫಿಜಿಯೋಥೆರಪಿಸ್ಟರ ಸಲಹೆಯೊಂದಿಗೆ ನಡಿಗೆ. ಆರು ತಿಂಗಳಲ್ಲಿ ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ತಾಸು ಮುಟ್ಟುವ ಗುರಿ. ಕೆಲಸ-ಓಡಾಟಕ್ಕೆ ಅಡ್ಡಿಯಾಗುವಂಥ ನೋವು ಮರಳಲು ಉಳಿದವರಿಗೆ ನಡುಮಟ್ಟದಲ್ಲಿ 112 ದಿನ ಹಿಡಿದರೆ, ನಡೆದವರಿಗೆ 208 ದಿನ ಹಿಡಿಯಿತು. ಮರುವರ್ಷ ನಾರ್ವೆಯ 11 ಸಾವಿರ ಮಂದಿಯ ಅಧ್ಯಯನವೂ ಬಂತು. ದಿನಕ್ಕೆ ನೂರು ನಿಮಿಷಕ್ಕಿಂತ ಹೆಚ್ಚು ನಡೆಯುವವರಲ್ಲಿ, 78 ನಿಮಿಷವೂ ನಡೆಯದವರಿಗಿಂತ, ದೀರ್ಘಕಾಲದ ಟೊಂಕನೋವಿನ ಅಪಾಯ 23 ಪ್ರತಿಶತ ಕಡಿಮೆ. ವೇಗಕ್ಕಿಂತ ಒಟ್ಟು ಹೊತ್ತೇ ಮುಖ್ಯ.

ಯುಗಾದಿಗೆ ಶ್ರೀಶೈಲದವರೆಗೆ ಕಂಬಿ ಹೊತ್ತು ನಡೆಯುವ ಜನಕ್ಕೆ ನಡಿಗೆಯ ಪಾಠ ಬೇಡ. ಬೇಕಿರುವುದು ವರ್ಷಕ್ಕೊಮ್ಮೆಯ ಹರಕೆಯ ನಡಿಗೆಯನ್ನು ವಾರಕ್ಕೆ ಐದು ದಿನಕ್ಕೆ ಹಂಚುವ ದಾರಿ. ಗದ್ದೆಯಲ್ಲಿ ಕೊಡಲಿ ಹಿಡಿದು ಅತ್ತಿತ್ತ ಓಡಾಡಿದ್ದು ಇದಕ್ಕೆ ಜಮೆಯಾಗದು. ತಲೆಯ ಮೇಲೆ ಹೊರೆಯಿಲ್ಲದೆ, ಕೈ ಬೀಸಿ, ನೆಟ್ಟಗೆ ನಿಂತು ನಡೆಯುವುದೇ ಬಗ್ಗಿದ ಬೆನ್ನಿಗೆ ಬೇಕಾದ ಬದಲಾವಣೆ. ಘಟಪ್ರಭಾ ಎಡದಂಡೆ ಕಾಲುವೆಯ ದಂಡೆಯ ಮೇಲೆ ಹಾದಿಯೂ ಉಂಟು, ನೆರಳೂ ಉಂಟು. ನೋವಿದ್ದವರು ಹತ್ತು ನಿಮಿಷದಿಂದ ಶುರುಮಾಡಬಹುದು. ಹಂಗಾಮಿನಲ್ಲಿ ಮೈ ದಣಿದಿರುತ್ತದೆ, ಆಗ ನಡಿಗೆ ಮತ್ತು ಬೋರಲು ಮಲಗಿ ಎದೆ ಎತ್ತುವುದಷ್ಟೇ ಸಾಕು. ದಂಡ-ಬೈಠಕ್ ಏರಿಸಲು ಕಾರ್ಖಾನೆ ನಿಂತ ನಂತರದ ಬೇಸಿಗೆಯ ತಿಂಗಳುಗಳು ಒಳ್ಳೆಯವು. ಮುಂದಿನ ದೀಪಾವಳಿಯ ಹೊತ್ತಿಗೆ ಬೆನ್ನು ಸಜ್ಜಾಗಿರುತ್ತದೆ.

ವಾಕ್‌ಬ್ಯಾಕ್ ಪ್ರಯೋಗದ 701 ಜನರಲ್ಲಿ 565 ಮಂದಿ ಹೆಂಗಸರು. ಟೊಂಕನೋವು ಹೆಂಗಸರಲ್ಲಿ ಹೆಚ್ಚು ಎಂಬುದು ಜಗತ್ತಿನ ಅಂಕಿಅಂಶಗಳಲ್ಲೂ ಇದೆ. ಗರಡಿಯ ಬಾಗಿಲು ಅವರಿಗೆ ಹಿಂದೆಯೂ ತೆರೆದಿರಲಿಲ್ಲ. ನಸುಕಿನಲ್ಲಿ ಒಬ್ಬಳೇ ಕಾಲುವೆಯ ಹಾದಿ ಹಿಡಿದರೆ ಅತ್ತೆಗೂ ಓಣಿಗೂ ಕಾರಣ ಹೇಳಬೇಕು, ಕಬ್ಬಿನ ಟ್ರ್ಯಾಕ್ಟರುಗಳ ರಸ್ತೆಯಲ್ಲಿ ಜೀವದ ಭಯ ಬೇರೆ. ಬ್ರಿಟನ್ನಿನ ‘ನೈಸ್’ ಸಂಸ್ಥೆ 2016ರ ತನ್ನ ಮಾರ್ಗಸೂಚಿಯಲ್ಲಿ ಟೊಂಕನೋವಿಗೆ ಗುಂಪು ವ್ಯಾಯಾಮವನ್ನು ಪರಿಗಣಿಸಿ ಎಂದಿದೆ. ಇಲ್ಲಿ ಗುಂಪು ಕಟ್ಟುವ ಕೆಲಸ ಆಗಲೇ ಮುಗಿದಿದೆ: ಉಳಿತಾಯಕ್ಕೆಂದು ವಾರವಾರ ಸೇರುವ ಸ್ತ್ರೀಶಕ್ತಿ ಸಂಘಗಳಿವೆ, ಆಶಾ ಕಾರ್ಯಕರ್ತೆಯರಿದ್ದಾರೆ, ಉಪಕೇಂದ್ರಗಳಿಂದ ಬಡ್ತಿ ಪಡೆದ ಆಯುಷ್ಮಾನ್ ಆರೋಗ್ಯ ಮಂದಿರಗಳ ಕೆಲಸದ ಪಟ್ಟಿಯಲ್ಲಿ ಯೋಗವೂ ಇದೆ. ಸಂಘದ ಪುಸ್ತಕದಲ್ಲಿ ಕಂತು ಬರೆಯುವ ಮೊದಲು ಅರ್ಧ ತಾಸು ಹತ್ತು ಜನ ಕೂಡಿ ನಡೆದು ಬರಲು, ಶಾಲೆಯ ಕಟ್ಟೆಯ ಮೇಲೆ ಕೂತು ಎದ್ದು ಬೈಠಕ್ ತೆಗೆಯಲು, ಯಾವ ಇಲಾಖೆಯ ಮಂಜೂರಾತಿಯೂ ಬೇಕಾಗಿಲ್ಲ. ಆ ಅರ್ಧ ತಾಸು ರೊಟ್ಟಿ ಬಡಿಯಲು ಮನೆಯಲ್ಲಿ ಇನ್ನೊಬ್ಬರು ಕೂರಬೇಕಾಗುತ್ತದೆ, ಅಷ್ಟೆ.